ಗೆದ್ದಲು ತಿಂದ ಸಾಲು

ಧೂಳೇರಿದ ವರ್ಷ ಇನ್ನೂರ ಹನ್ನೆರಡು, ಎರಡನೆಯ ಅಧಿಕ ಮಾಸದ ಮೂವತ್ತಮೂರನೆಯ ದಿನ.

ಸಿಸ್ಟರ್ ಹುಲಿಗೆಮ್ಮ ಅವರಿಗೆ ಕೆಂಪಹಳ್ಳದ ಗಾಳೆಮ್ಮ ಮಾಡುವ ನಮಸ್ಕಾರಗಳು. ನೀವಿನ್ನೂ ಬದುಕಿರುವ ಕಾಲಕ್ಕೆ ಬರೆಯುತ್ತಿದ್ದೇನೆ. ಮಾತು ಅರೆಬೆಂದಂತೆ ಕೇಳಿಸಿದರೆ ಮನ್ನಿಸಬೇಕು. ನಮ್ಮ ಕನ್ನಡ ಧೂಳು ತಡೆಯುವ ಮುಖವಾಡದೊಳಗೆ ಬೆಳೆದದ್ದು.

ನಮ್ಮ ಗಣಿ ಊರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗಂಟು ತಪ್ಪಿದವರಿಲ್ಲ. ಅದು ಕಡಲೆಯಷ್ಟಿರುವಾಗಲೇ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕಿರಣದ ಬೀಜಗಳನ್ನು ಇಡುತ್ತೇವೆ. ಅವು ಒಳಗಿಂದಲೇ ಗಂಟನ್ನು ಸುಡುತ್ತವೆ, ನಾವು ಬದುಕುತ್ತೇವೆ. ಈ ವಿದ್ಯೆ ಇದೇ ಊರಿನಲ್ಲಿದ್ದ ನಿಮ್ಮ ಆಸ್ಪತ್ರೆಯದು. ಜೊತೆಗೆ ನಿಮ್ಮ ಸಹಿಯಿರುವ ಹಾಳೆಯೊಂದೂ ಉಳಿದುಬಂತು: ಬೀಜ ಇಡಿಸಿಕೊಂಡವರು ಮಕ್ಕಳನ್ನು ಎತ್ತಿಕೊಳ್ಳಬಾರದು, ಆರು ಅಡಿ ದೂರವಿರಬೇಕು. ಎಷ್ಟು ದಿನ ಎಂಬ ಸಾಲನ್ನು ಮಾತ್ರ ಗೆದ್ದಲು ತಿಂದಿದೆ. ಹಿರಿಯರು ಕಾದರು, ಸಾಕು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ನಾವು ಸಾಯುವತನಕ ಎತ್ತಿಕೊಳ್ಳುವುದಿಲ್ಲ.

ಮನೆಮನೆಯಲ್ಲೂ ಅಂತರಗೋಲು ಇದೆ, ಅಂದರೆ ಆರಡಿಯ ಬಿದಿರು. ಮಕ್ಕಳ ತಟ್ಟೆಯನ್ನು ಅದರ ತುದಿಯಿಂದ ತಳ್ಳುತ್ತೇವೆ. ಇನ್ನೂ ಬೀಜ ಬೀಳದ ಹುಡುಗಿಯರನ್ನು ತೋಳಮ್ಮ ಎನ್ನುತ್ತೇವೆ. ಮೀಯಿಸುವುದು, ಮಲಗಿಸುವುದು ಅವರ ಪಾಲು. ಒಬ್ಬೊಬ್ಬಳಿಗೆ ಮೂವತ್ತು ಮಕ್ಕಳು. ಸಂಜೆ ಓಣಿ ತುಂಬ ಮಕ್ಕಳಿದ್ದರೂ ಸದ್ದಿರುವುದಿಲ್ಲ. ಬಿದ್ದ ಮಗು ಅಳುವುದಿಲ್ಲ, ಯಾರೂ ಬರುವುದಿಲ್ಲವೆಂದು ಅದಕ್ಕೆ ಗೊತ್ತು.

ಕಿರಣ ಕಂಡರೆ ಟಿಕ್‌ಟಿಕ್ ಎನ್ನುವ ಪೆಟ್ಟಿಗೆ ನಮ್ಮಲ್ಲಿದೆ. ಬೀಜ ಇಟ್ಟ ದಿನ ಹುಚ್ಚೆದ್ದು ಬಡಿದುಕೊಳ್ಳುತ್ತದೆ. ನನ್ನ ಬೀಜಕ್ಕೆ ಇಪ್ಪತ್ತಾರು ವರ್ಷ. ನನ್ನೆದೆಯ ಮೇಲಿಟ್ಟರೆ ಅದು ತುಟಿ ಬಿಚ್ಚುವುದಿಲ್ಲ. ಹಳಬರಿಗೆ ಮರ್ಯಾದೆ ಕೊಟ್ಟು ಸುಮ್ಮನಿದೆ ಎನ್ನುತ್ತಾರೆ ಹಿರಿಯರು! ಬೀಜ ಆರಿಹೋಗಿದೆ ಎಂದು ವಾದಿಸಿ ನೋಡಿದೆ, ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಿಜ ಹೇಳಬೇಕೆಂದರೆ ನನಗೂ ಭಯವೇ. ನನ್ನ ಲೆಕ್ಕ ತಪ್ಪಿದರೆ ಹೋಗುವುದು ಮಗುವಿನ ಜೀವ.

ಮಗಳು ಹಂಪಮ್ಮನನ್ನು ಹೆತ್ತ ಹನ್ನೊಂದನೆಯ ದಿನ ನನಗೆ ಬೀಜ ಇಟ್ಟರು. ಮತ್ತೆ ಅವಳನ್ನು ಎತ್ತಿಕೊಳ್ಳಲಿಲ್ಲ. ನಾಳೆ ಅವಳಿಗೆ ಬೀಜ. ಅವಳ ಕೂಸು ಸುಂಕಿಗೆ ಒಂಬತ್ತು ತಿಂಗಳು. ಎರಡು ದಿನದಿಂದ ಹಂಪಮ್ಮ ಅದನ್ನು ಕಂಕುಳಿನಿಂದ ಇಳಿಸಿಲ್ಲ. “ಯವ್ವಾ, ನೀನು ನನ್ನ ಹೆಂಗ್ ಇಳಿಸಿದಿ ಹೇಳು, ನನಗ ಬರವಲ್ದು” ಎಂದಳು. 

ನಿಮ್ಮ ಕಾಲದಲ್ಲಿ ಆ ಹಾಳೆ ಇನ್ನೂ ಇಡಿಯಾಗಿದೆ, ಸಿಸ್ಟರ್. ಆ ದಿನಗಳ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿಸಿ, ಆಸ್ಪತ್ರೆಯ ಬಾವಿಕಟ್ಟೆಯ ಪಕ್ಕ ಹೂಳಿಸಿ. ನೀವು ಒಪ್ಪಿದ್ದರೆ ಕಲ್ಲು ಈಗಾಗಲೇ ಇಲ್ಲಿರಬೇಕು. ಬೆಳಗಿನಿಂದ ಆ ಬಾವಿಕಟ್ಟೆಯ ಪಕ್ಕ ಅಗೆಯುತ್ತಿದ್ದೇನೆ. ಸೊಂಟದಾಳ ಆಯಿತು. ಇನ್ನೂ ಬರೀ ಮಣ್ಣು.