ಸಮುದ್ರಕ್ಕೆ ಬಿದ್ದ ಜಹೀರಾಬಾದಿನ ಬಾವಿಗಳು

ಮೆಹದಿಪಟ್ಟಣಂ, ಹೈದರಾಬಾದ್
೧೪ ಜುಲೈ ೨೦೨೪

ಪ್ರೀತಿಯ ಲಹರಿ,

ನೀನು ಕಾಚಿಗೂಡದಲ್ಲಿ ರಾಯಚೂರಿನ ರೈಲು ಹತ್ತಿ ಎಂಟು ದಿನವಾಯಿತು. ನನ್ನ ಫೋನ್ ಎತ್ತುತ್ತಿಲ್ಲ. ಎತ್ತಲೂ ಬೇಡ, ಫೋನಿನಲ್ಲಾದರೆ ನಾನು ಮತ್ತೆ ಸುಳ್ಳು ಹೇಳುತ್ತೇನೆ.

ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಕಾಶೆಯ ಗ್ರಿಡ್ ಅಂಕಿಗಳನ್ನು ಅಕ್ಷಾಂಶ, ರೇಖಾಂಶಕ್ಕೆ ತಿರುಗಿಸುವುದನ್ನು ನಿನಗೆ ಕಲಿಸಿದವಳು ನಾನು. ನಾಲ್ಕು ವರ್ಷ ತಿಣುಕಿ ನಾನು ಕಲಿತದ್ದು ನಿನಗೆ ನಾಲ್ಕೇ ತಿಂಗಳಲ್ಲಿ ಬಂತು. ಸನತ್‌ನಗರದ ನಮ್ಮ ಆಫೀಸಿನಲ್ಲಿ ಸಂಗಣ್ಣ ಸಾಹೇಬರು ನನ್ನ ಟೇಬಲ್ ದಾಟಿ ಹೋಗಿ, "ಲಹರಿ, ಇದೊಂದಿಷ್ಟು ನೋಡವಾ" ಎನ್ನುವಾಗ ಮೈಯೆಲ್ಲ ಉರಿಯುತ್ತಿತ್ತು. ನೀನು ಮನೆಗೆ ಬಂದ ದಿನ ನಮ್ಮ ಅವ್ವ ಕೂಡ ಬಿಸಿ ಹೋಳಿಗೆಯನ್ನು ಮೊದಲು ನಿನ್ನ ತಟ್ಟೆಗೇ ಹಾಕಿದಳು. ಅದನ್ನೂ ನಾನು ಮರೆತಿಲ್ಲ.

ಆಮೇಲೆ ತಂಡದ ಮುಖ್ಯಸ್ಥೆ ನೀನೇ ಎಂದು ಸುದ್ದಿಯಾಯಿತು. ಜಹೀರಾಬಾದಿನ ಕೊಳವೆಬಾವಿಗಳ ಪಟ್ಟಿಯನ್ನು ಮೀಟಿಂಗಿನಲ್ಲಿ ಒಪ್ಪಿಸಿದರೆ ಮುಗಿಯಿತು, ಆ ಜಾಗ ನಿನ್ನದು. ಮೊದಲ ದಿನವೇ ನಾನು ನಿನಗೆ ಹೇಳಿಕೊಟ್ಟಿದ್ದೆ: ಗ್ರಿಡ್ ಅಂಕಿಗಳು ಬರೀ ಮೀಟರುಗಳು, ಜೊತೆಗೆ ನಕಾಶೆಯ ಯಾವ ಪಟ್ಟೆ ಎಂದು ಹೇಳುವ ಝೋನ್ ನಂಬರ್ ಇರದಿದ್ದರೆ ಅದೇ ಅಂಕಿ ಬೇರೆ ಊರಿಗೂ ಹೊಂದುತ್ತದೆ; ಹೈದರಾಬಾದ್ ನಲವತ್ತನಾಲ್ಕನೇ ಝೋನ್, ಪಶ್ಚಿಮಕ್ಕಿರುವ ಜಹೀರಾಬಾದ್ ನಲವತ್ತಮೂರು. ನಿನ್ನ ಪಟ್ಟಿಯಲ್ಲಿ ಎಲ್ಲ ಬಾವಿಗೂ ನಲವತ್ತನಾಲ್ಕು ಎಂದಿತ್ತು. ಮೀಟಿಂಗಿನ ಹಿಂದಿನ ದಿನವೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಮರುದಿನ ಪರದೆಯ ಮೇಲೆ ಬಾವಿಗಳೆಲ್ಲ ವಿಶಾಖಪಟ್ಟಣದಾಚೆ ಸಮುದ್ರದಲ್ಲಿ ಮೂಡಿದವು. "ಸಮುದ್ರದಾಗ ಬೋರ್ ಹೊಡಸ್ತೀ ಏನವಾ?" ಎಂದರು ಸಾಹೇಬರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿಯೇ ನಕ್ಕೆ. ನೀನು ಮಾತ್ರ ನನ್ನ ಮುಖ ನೋಡುತ್ತ, ಸರಿಯಾಗೇ ಹಾಕಿದ್ದೆ ಎಂದು ಎರಡು ಸಲ ಹೇಳಿದೆ. ಅವತ್ತೇ ಕೆಲಸ ಬಿಟ್ಟು ಹೋದೆ.

ಕ್ಷಮೆ ಕೇಳುವುದಕ್ಕೂ ನನಗೆ ಬಾಯಿಲ್ಲ. ಹೊಟ್ಟೆಕಿಚ್ಚಂತೂ ಇನ್ನೂ ಆರಿಲ್ಲ. ಇಷ್ಟಾದರೂ ಸಾಹೇಬರು ನಿನ್ನ ಲೆಕ್ಕವನ್ನೇ ಹೊಗಳುತ್ತಾರೆ.

ಇಂತಿ,
ಶರ್ವರಿ ಪ್ರಾಣೇಶ ಕುಲಕರ್ಣಿ

ತಾ.ಕ.: ಬರೆದದ್ದನ್ನು ಓದಿ ನೋಡಿದೆ, ಇದರಲ್ಲೂ ಅರ್ಧ ಮುಚ್ಚಿಟ್ಟಿದ್ದೇನೆ. ನೀನು ನಲವತ್ತಮೂರೇ ಹಾಕಿದ್ದೆ. ನೀನು ಚಹಾಕ್ಕೆ ಹೋದಾಗ ಅದನ್ನು ನಲವತ್ತನಾಲ್ಕು ಮಾಡಿ, ಪಟ್ಟಿಯನ್ನೆಲ್ಲ ಮತ್ತೆ ಅಕ್ಷಾಂಶ, ರೇಖಾಂಶಕ್ಕೆ ತಿರುಗಿಸಿಟ್ಟವಳು ನಾನು. ಶುಕ್ರವಾರ ನಿನ್ನ ಜಾಗವನ್ನು ನನಗೆ ಕೊಟ್ಟರು. ನಿಜ ಹೇಳಲೆಂದು ಮೂರು ಸಲ ಸಾಹೇಬರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅದಕ್ಕೇ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಈ ಕಾಗದವನ್ನು ಅವರಿಗೆ ತೋರಿಸು. ನೀನು ತೋರಿಸದಿದ್ದರೆ ನಾನಾಗಿ ಆ ಕುರ್ಚಿ ಬಿಟ್ಟು ಏಳುವವಳಲ್ಲ.