ಮಾವ, ನಿನ್ನ ಪ್ಲೇಟಿಗೆ ನೀರು ಹಾಕಿದೆ

ಸಮಸ್ತ ಊರಿಗಾಂ ಚಿನ್ನದ ಗಣಿ ಲೈನುಮನೆಗಳ ನಾದಾಧೀಶ್ವರ, ಬಂಗಾರಪೇಟೆ ಮೈಕ್‌ಸೆಟ್ ಸಾಮ್ರಾಜ್ಯದ ಏಕಚ್ಛತ್ರಾಧಿಪತಿ, ಆಂಪ್ಲಿಫೈಯರ್ ಕುಲತಿಲಕ, ನಸ್ಯವಿಲಾಸ, ಸೋದರಳಿಯಂದಿರ ಪಾಲಿನ ಗಂಡಭೇರುಂಡ, ಹಾಲಿ ವಾಸ ಸ್ವರ್ಗವೋ ಮತ್ತೊಂದೋ ಖಚಿತ ಮಾಹಿತಿಯಿಲ್ಲದ ಶ್ರೀಮಾನ್ ಮಾವನವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಅಕ್ಕನ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಇರಾದೆ ನನಗಿಲ್ಲ. ಸೇಡು ತೀರಿಸಿಕೊಂಡ ಸುದ್ದಿಯನ್ನು ಪಾದಗಳಿಗೆ ಅರ್ಪಿಸಲು ಮಾತ್ರ ಈ ಪತ್ರ.

ಸಾಕು. ಇನ್ನೆರಡು ಸಾಲು ನಿನ್ನನ್ನು ‘ತಾವು’ ಅಂದರೆ ನನಗೇ ಬಿಕ್ಕಳಿಕೆ ಬರುತ್ತದೆ. ವಿಷಯಕ್ಕೆ ಬರುತ್ತೇನೆ ಮಾವ. ಆ ಗೀರು ನನ್ನದಲ್ಲ. ಅಷ್ಟೇ ಏಕೆ, ಅದು ಗೀರೇ ಅಲ್ಲ.

ಬೇಸಿಗೆ ರಜಕ್ಕೆ ನಾನು ಹಳ್ಳಿಯಿಂದ ನಿನ್ನ ಮನೆಗೆ ಬಂದಿದ್ದ ಆ ಭಾನುವಾರ ನೆನಪಿದೆಯಾ? ಆಗ ನಾನಿನ್ನೂ ಮಿಡಲ್ ಸ್ಕೂಲು. ನೀನು ಬಂಗಾರಪೇಟೆಯ ಅಂಗಡಿಗೆ ಹೋಗಿದ್ದೆ. ನಾನು ಕಪಾಟಿನಲ್ಲಿದ್ದ ಜನಪದ ಗೀತೆಗಳ ಗ್ರಾಮಫೋನ್ ಪ್ಲೇಟನ್ನು ಇಳಿಸಿ, ಮೇಲಿನ ಕವರಿನಲ್ಲಿ ರಾಗಿ ಬೀಸುತ್ತಿದ್ದ ಹೆಂಗಸಿನ ಚಿತ್ರ ನೋಡುತ್ತಾ ಕೂತಿದ್ದೆ. ಒಳಗಿನ ಪ್ಲೇಟನ್ನು ಹೊರಗೆಳೆದೂ ಇರಲಿಲ್ಲ. ಬಾಗಿಲಲ್ಲಿ ನೀನು. ಸಂಜೆ ಎಂದಿನಂತೆ ಪಕ್ಕದ ಮನೆಯ ಸೆಲ್ವಣ್ಣ ಬಂದು ಸ್ಟೂಲಿನ ಮೇಲೆ ಕೂತ, ಅತ್ತೆ ಕಾಫಿ ತಂದಳು, ನೀನು ಪ್ಲೇಟು ಹಾಕಿದೆ. ಹಾಡಿನ ನಡುವೆ ಕೊಳಲು ಬಂತು, ಕೊಳಲು ನಿಂತಿತು, ಹಾಡುವವಳು ಉಸಿರೆಳೆದುಕೊಳ್ಳುವ ಆ ಒಂದು ಗಳಿಗೆಯಲ್ಲಿ ‘ಟಕ್’ ಅಂತು. ಹಿಂದೆ ಯಾವತ್ತೂ ಇರದಿದ್ದ ಟಕ್.

“ಗೀರ್‌ಬುಟ್ಟ! ನನ್ ಪ್ಲೇಟ್ನ ಗೀರ್‌ಬುಟ್ಟ ಈ ನನ್ಮಗ!”

“ನಾನಲ್ಲ ಮಾವ.”

“ನೀನಲ್ದೆ ಇನ್ಯಾರ್ಲಾ? ಮೈನ್ಸ್ ಒಳಗಿಂದ ಎಗ್ಣ ಎದ್ದು ಬಂದು ಗೀರ್‌ಬುಟ್ಟು ಓಯ್ತಾ?”

ಸೆಲ್ವಣ್ಣ ಕಾಫಿ ಉಗುಳುವಷ್ಟು ನಕ್ಕು, ತನ್ನ ತಮಿಳು ಬೆರೆತ ಕನ್ನಡದಲ್ಲಿ, “ಇನ್ಮೇ ಇವನ್ ಪೇರು ಗೀರಪ್ಪ ಪಾ!” ಅಂದ. ನನ್ನ ಅಪ್ಪ ಅಮ್ಮ ಜೋಯಿಸರನ್ನು ಕೇಳಿ, ನಕ್ಷತ್ರ ನೋಡಿ, ತೊಟ್ಟಿಲ ಮುಂದೆ ಕಿವಿಯಲ್ಲಿ ಉಸುರಿದ್ದ ಮಂಜುನಾಥ ಅನ್ನುವ ಹೆಸರು ಅವತ್ತು ಒಂದು ಲೋಟ ಕಾಫಿಯ ಜೊತೆ ನೆಲಕ್ಕೆ ಚೆಲ್ಲಿಹೋಯಿತು.

ಚಿಕ್ಕಮ್ಮನ ಮಗಳ ಮದುವೆಯಲ್ಲಿ ನೀನು ಮಾಡಿದ್ದನ್ನು ಮರೆಯಲೇನು? ಬಂಗಾರಪೇಟೆಯ ಛತ್ರ, ಮೈಕ್‌ಸೆಟ್ಟು ನಿನ್ನದೇ. ನನ್ನ ಕಾಲೇಜಿನ ಹುಡುಗಿಯರು ಮೂರನೇ ಸಾಲಿನಲ್ಲಿ ಕೂತಿದ್ದರು. ಅವರ ಮುಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಆಗ ಆಕಾಶವಾಣಿಯಂತೆ ನಿನ್ನ ದನಿ: “ಗೀರಪ್ಪನವರು ಎಲ್ಲೇ ಇದ್ದರೂ ಕೂಡಲೇ ಊಟದ ಹಾಲಿಗೆ ಬಂದು ಬಾಳೆಎಲೆ ಒರೆಸಬೇಕಾಗಿ ವಿನಂತಿ.” ಒಂದು ಸಲ ಸಾಲದು ಅಂತ ಎಕೋ ಬೇರೆ ಹಾಕಿದ್ದೆಯಲ್ಲ, ಗೀರಪ್ಪ... ರಪ್ಪ... ಅಪ್ಪ... ಆ ಸೋಮವಾರ ನಾನು ಕಾಲೇಜಿಗೆ ಹೋದಾಗ...

ಬೇಡ. ಅದನ್ನು ಬರೆಯುವುದಿಲ್ಲ.

ಪ್ರತಿ ಭಾನುವಾರ ಸಂಜೆಯ ನಿನ್ನ ವಿಧಿಯೂ ನನಗೆ ಬಾಯಿಪಾಠ. ಮೊದಲು ಡಬ್ಬಿಯಿಂದ ಒಂದು ಚಿಟಿಕೆ ನಸ್ಯ, ಮೂಗಿನ ಎರಡೂ ಕಡೆ ಸಮಪಾಲು. ಆಮೇಲೆ ಅದೇ ಕೈಯಲ್ಲಿ ಪ್ಲೇಟು. ಪ್ಲೇಟಿನ ಮೇಲೆ ಓಡುವ ಆ ಸಣ್ಣ ಮುಳ್ಳಿಗೆ ಬಾಯಿಂದ ‘ಫೂ’ ಅಂತ ಊದಿ, ಸಾಲದಿದ್ದರೆ ಬೆರಳಲ್ಲಿ ಉಜ್ಜಿ, ನಿಧಾನ ಇಳಿಸುತ್ತಿದ್ದೆ. ಕೊಳಲು ಬರುತ್ತಿದ್ದಂತೆ ಬೆರಳೆತ್ತಿ, ಹೊಸದಾಗಿ ಬಂದ ನೆಂಟರಿಗೆ, “ಈಗ್ ಬತ್ತದೆ ನೋಡಿ, ನಮ್ ಗೀರಪ್ಪನ ಕೈಚಳಕ” ಅನ್ನುತ್ತಿದ್ದೆ. ಟಕ್. ಎಲ್ಲರ ಕತ್ತೂ ನನ್ನ ಕಡೆಗೆ. ಅತ್ತೆ ಕೂಡ ತಿರುಗುತ್ತಿದ್ದಳು. ದೇವರ ಮುಂದೆ ಗಂಟೆ ಬಾರಿಸಿದ ಹಾಗೆ, ಟಕ್ ಅಂದರೆ ನನ್ನ ಮುಖದರ್ಶನ.

ಆಸ್ಪತ್ರೆಯಲ್ಲಿ ನಿನ್ನನ್ನು ಕೊನೆಯ ಸಲ ನೋಡಲು ಬಂದೆ. ನೀನು ಕೈಸನ್ನೆ ಮಾಡಿ ಹತ್ತಿರ ಕರೆದೆ. ಆಶೀರ್ವಾದ ಮಾಡುತ್ತೀಯ, ಇಲ್ಲವೇ ‘ಬುಡ್ಲಾ, ನೀನಲ್ಲ ಅಂತ ನಂಗೂ ಗೊತ್ತು’ ಅನ್ನುತ್ತೀಯ ಅಂತ ಕಿವಿ ಕೊಟ್ಟೆ. ನೀನು ಹೇಳಿದ್ದೇನು? “ಪ್ಲೇಟ್ ಮುಟ್‌ಬ್ಯಾಡ.” ಪ್ರಾಣ ಹೋಗುವ ಮನುಷ್ಯನ ಬಾಯಲ್ಲಿ ಬರುವ ಮಾತಾ ಅದು? ಹೊರಗೆ ಬಂದು ಮರದ ಕೆಳಗೆ ನಿಂತು ಶಪಥ ಮಾಡಿದೆ: ಮುಟ್ಟುತ್ತೇನೆ. ಮುಟ್ಟುವುದೇನು, ನೀರಲ್ಲಿ ಅದ್ದುತ್ತೇನೆ.

“ನೀರು ಸೋಕಿದ್ರೆ ಪ್ಲೇಟು ಸತ್ತೋಯ್ತದೆ” ಅನ್ನುತ್ತಿದ್ದೆಯಲ್ಲ, ಅದಕ್ಕೇ ನೀರನ್ನು ಆರಿಸಿಕೊಂಡಿದ್ದು. ನಿನ್ನ ವರ್ಷದ ಕಾರ್ಯ ಮುಗಿದ ಮೇಲೆ ಅತ್ತೆ ಫೋನು ಮಾಡಿ, “ಏನ್ಲಾ, ಬಂದು ಆ ಪ್ಲೇಟ್ ಡಬ್ಬನ ಏನಾರ ಮಾಡು, ದೂಳು ಒರ್ಸಿ ಸಾಕಾಯ್ತು” ಅಂದಳು. ಅವಕಾಶ ಸಿಕ್ಕಿದ್ದೇ ತಡ, ನಾನು ಕೆಲಸ ಮಾಡುವ ಬ್ಯಾಟರಿ ಅಂಗಡಿಯಿಂದ ಒಂದು ಕ್ಯಾನು ಡಿಸ್ಟಿಲ್ಡ್ ವಾಟರು ಹೊತ್ತುಕೊಂಡು ಮಾರಿಕುಪ್ಪಂ ರೈಲು ಹತ್ತಿದೆ. ನಿಮ್ಮ ಬೋರ್‌ವೆಲ್ ನೀರಿಗೆ ಪಾತ್ರೆಯ ಮೇಲೇ ಬಿಳಿ ಕಲೆ ಕೂರುತ್ತದೆ, ಇನ್ನು ಪ್ಲೇಟಿನ ಸಣ್ಣ ಗೆರೆಗಳ ಗತಿ? ಸೇಡಾದರೂ ಶುದ್ಧವಾಗಿರಬೇಕು ಮಾವ. ಹಾರ ಹಾಕಿದ್ದ ನಿನ್ನ ಫೋಟೋವನ್ನು ಗೋಡೆಯಿಂದ ಇಳಿಸಿ, ಮೇಜಿನ ಎದುರಿಗೇ, ಕಣ್ಣು ತಪ್ಪಿಸಲು ಆಗದ ಹಾಗೆ ಒರಗಿಸಿದೆ.

ಮೊದಲು ಶತ್ರುವಿನ ಮುಖ ನೋಡೋಣ ಅಂತ ಮೊಬೈಲ್ ಟಾರ್ಚನ್ನು ಪ್ಲೇಟಿನ ಮೇಲೆ ಓರೆಯಾಗಿ ಹಿಡಿದೆ. ಕೊಳಲಿನ ಜಾಗ ಹುಡುಕಿ ಉಗುರು ಆಡಿಸಿದೆ. ಗೀರಿದ್ದರೆ ಉಗುರಿಗೆ ತಡೆಯಬೇಕು. ತಡೆಯಲಿಲ್ಲ. ಬದಲಿಗೆ ಅಲ್ಲಿ ಕಂದು ಬಣ್ಣದ ಒಂದು ಮಚ್ಚೆ, ಒಣಗಿ ಗಟ್ಟಿಯಾಗಿ ಕೂತಿತ್ತು. ಬೆಳಕನ್ನು ಇನ್ನಷ್ಟು ಓರೆ ಮಾಡಿದೆ. ಮಾವ, ಮಾವ! ಅದೊಂದು ಹೆಬ್ಬೆಟ್ಟಿನ ಗುರುತು! ಸುತ್ತು ಸುತ್ತಾದ ಗೆರೆ ಸಮೇತ, ನಿನ್ನ ನಸ್ಯದ ಬಣ್ಣದಲ್ಲಿ! ಪ್ಲೇಟನ್ನು ಅಂಚಿನಲ್ಲಿ ಹಿಡಿ ಅಂತ ಊರಿಗೆಲ್ಲ ಪಾಠ ಹೇಳಿದ ಮಹಾನುಭಾವನ ಬೆರಳು ಪ್ಲೇಟಿನ ನಟ್ಟನಡುವೆ! ಖುಷಿ ತಡೆಯದೆ ನಾನು ಲೈನಿನುದ್ದಕ್ಕೂ ಓಡಿದೆ. ಓಡುವ ಮೊದಲೇ ಫೋಟೋ ಹೊಡೆದುಕೊಂಡಿದ್ದೆ, ಸಾಕ್ಷಿ ಬೇಕಲ್ಲ.

ಇನ್ನು ಅಭ್ಯಂಜನದ ವರದಿ. ಮಧ್ಯದ ಲೇಬಲ್ಲಿಗೆ ಒಂದು ಹನಿಯೂ ತಾಕದಂತೆ ನೀರು ಚಿಮುಕಿಸಿದೆ. ಪಾತ್ರೆ ತೊಳೆಯುವ ಸೋಪಿನ ಒಂದೇ ತೊಟ್ಟು ಬೆರೆಸಿದ ನೀರಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಗೆರೆ ಹೋದ ದಿಕ್ಕಿಗೇ ಸುತ್ತಿ ಸುತ್ತಿ ಒರೆಸಿದೆ. ಗಣಿಯ ತ್ಯಾಜ್ಯ ಗುಡ್ಡೆಹಾಕಿದ ಸೈನೈಡ್ ದಿಬ್ಬದಿಂದ ಗಾಳಿಗೆ ಹಾರಿ ಬಂದ ಬೂದಿಯಂಥ ದೂಳು ಬಟ್ಟೆಗೆ ಬಂತು, ಹಿಂದೆಯೇ ನಿನ್ನ ನಸ್ಯವೂ ಕರಗಿ ಬಂತು. ಬರೀ ನೀರಲ್ಲಿ ಇನ್ನೊಂದು ಸಲ ಒರೆಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆಯ ಹಾಗೆ ನಿಲ್ಲಿಸಿ ಒಣಗಿಸಿದೆ. ಮುಳ್ಳಿಗೆ ಸಣ್ಣ ಬ್ರಷ್ಷು, ಹಿಂದಿನಿಂದ ಮುಂದಕ್ಕೆ ಮಾತ್ರ. ಮುಳ್ಳಿನ ತುದಿಗೆ ಬೆಕ್ಕಿನ ಬಾಲದಷ್ಟು ನಾರು ಅಂಟಿತ್ತು. ಮುಳ್ಳು ಹಾರಬಾರದು ಅಂತ ಅದರ ತಲೆಯ ಮೇಲೆ ನಾಲ್ಕಾಣೆ ಬೇರೆ ಅಂಟಿಸಿದ್ದೆಯಲ್ಲ, ಅದನ್ನೂ ಕಿತ್ತೆ. ತಲೆಯ ಮೇಲೆ ಭಾರ ಹೇರಿ ಹಾಡು ಅಂದರೆ ಯಾರು ತಾನೆ ನೆಟ್ಟಗೆ ಹಾಡುತ್ತಾರೆ?

ಸಂಜೆ ನ್ಯಾಯಾಲಯ ಸೇರಿತು. ನ್ಯಾಯಾಧೀಶ ಸೆಲ್ವಣ್ಣ, ಅದೇ ಸ್ಟೂಲು. ಆರೋಪಿ ಫೋಟೋದಲ್ಲಿ. ಪ್ಲೇಟು ಹಾಕಿದೆ. ಕೊಳಲು ಬಂತು, ನಿಂತಿತು, ಹಾಡುವವಳು ಉಸಿರೆಳೆದುಕೊಂಡಳು. ಆ ಉಸಿರು ಅಷ್ಟು ಉದ್ದ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ ಮಾವ, ಇಷ್ಟು ವರ್ಷ ಅದನ್ನು ಟಕ್ ನುಂಗಿತ್ತು. ಯಾರ ಕತ್ತೂ ತಿರುಗಲಿಲ್ಲ. ಮೊಬೈಲಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ.

“ಅಯ್ಯೋ ಸಾಮಿ,” ಅಂದ ಸೆಲ್ವಣ್ಣ ಮೂಗಿನ ಮೇಲೆ ಬೆರಳಿಟ್ಟು. “ಕಳ್ಳ ಅವನೇ, ಪೊಲೀಸೂ ಅವನೇ! ತಂಬಿ, ನಿನ್ ಮೇಲೆ ತಪ್ಪಿಲ್ಲ ಪಾ. ಕೇಸ್ ಮುಗಿಂಜಿಪೋಚು.”

ಗೆದ್ದೆ. ಎದ್ದು ನಿಂತು ನಿನ್ನ ಫೋಟೋಗೆ ಸೆಲ್ಯೂಟು ಹೊಡೆದೆ. ಅತ್ತೆ ಮಾತ್ರ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಆ ಕಂದು ಗೆರೆಗಳನ್ನೇ ನೋಡುತ್ತಿದ್ದಳು.

“ಈಗ್ ಪ್ಲೇಟ್ ಮ್ಯಾಲೆ ಇದು ಐತೇನ್ಲಾ?”

“ಇಲ್ಲತ್ತೆ! ಒಂದ್ ಚೂರೂ ಇಲ್ಲ. ಪೂರ್ತಿ ತೊಳ್ದಾಕ್ಬುಟ್ಟೆ.”

“ಊಂ,” ಅಂದಳು. “ಚೆನ್ನಾಗಿ ತೊಳ್ದಿದೀಯ.” ಮೊಬೈಲು ಕೊಟ್ಟು, ನಿನ್ನ ಫೋಟೋವನ್ನು ಎತ್ತಿಕೊಂಡು, ಸೆರಗಿನಿಂದ ಗಾಜು ಒರೆಸಿ ಗೋಡೆಗೆ ತೂಗುಹಾಕಿದಳು.

ಇದು ನಿನಗೆ ತಲುಪಬೇಕಾದ ಸುದ್ದಿ. ಲೈನಿನ ಮಕ್ಕಳಿಗೂ ಈಗ ಗೊತ್ತು, ಪ್ಲೇಟು ಕೆಡಿಸಿದ್ದು ಮೈಕ್‌ಸೆಟ್ ತಾತ. ಉಳಿದ ಪ್ಲೇಟುಗಳನ್ನೂ ಭಾನುವಾರಕ್ಕೊಂದರಂತೆ ತೊಳೆಯುತ್ತೇನೆ, ನೀನು ಅಲ್ಲಿಂದ ಎಷ್ಟು ಬೇಕಾದರೂ ಕೂಗಿಕೊ.

ಮುಗಿಸುವ ಮೊದಲು ಒಂದು ಸಣ್ಣ ವಿಷಯ. ಮೊನ್ನೆ ಭಾನುವಾರ ನಾನೂ ಅತ್ತೆಯೂ ಇಬ್ಬರೇ. ಅವಳು ಮಂಚದ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು, ಅದೇ ಹಾಡು ಓಡುತ್ತಿತ್ತು. ಕೊಳಲು ನಿಂತಾಗ ಅವಳ ಕೈಯೂ ನಿಂತಿತು. ಕತ್ತು ಅರ್ಧ ತಿರುಗಿ ಅಲ್ಲೇ ಕಾಯುತ್ತಿತ್ತು. ಪ್ಲೇಟಿನಲ್ಲಿ ಉಸಿರು ಬಿಟ್ಟರೆ ಮತ್ತೇನೂ ಇರಲಿಲ್ಲ. ನಾನು ಮೇಜಿನ ಕೆಳಗೆ ಕೈ ಹಾಕಿ, ಉಗುರಿನಿಂದ ಮರಕ್ಕೆ ಒಂದು ಸಲ ಹೊಡೆದೆ. ಟಕ್.

“ಲೇ ಗೀರಪ್ಪ!” ಅಂತ ಅತ್ತೆ ಸರಕ್ಕನೆ ತಿರುಗಿದಳು. ನಗುವಿಗೆ ಮುಖ ಅಗಲವಾಗಿತ್ತು.

“ನಾನಲ್ಲತ್ತೆ,” ಅಂದೆ. ನಿನಗೆ ಇಷ್ಟು ವರ್ಷ ಹೇಳಿದ್ದೂ ಅದನ್ನೇ. ಈ ಸಲ ಮಾತ್ರ ಸುಳ್ಳು ಮಾವ.