ಓರೆಗೆರೆಗಿಂತ ಮೊದಲು ಶ್ರೀ

ಇಂಡಿ,
ಸೋಮವಾರ, ೧೯-೧೧-೨೦೦೧

ಪ್ರೀತಿಯ ತಮ್ಮ ಅನೀಲನಿಗೆ,

ಅಕ್ಕ ವಿಜಯಲಕ್ಷ್ಮಿಯ ತುಂಬು ಆಶೀರ್ವಾದ, ಅದರ ಬೆನ್ನಿಗೇ ಅಷ್ಟೇ ತುಂಬು ಬೈಗುಳ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲ ಪ್ರೆಸ್ಸಿನ ಮುಂದಿನ ಗಾಡಿಯ ಭಜಿಯಲ್ಲೇ ದಿನ ನೂಕುತ್ತಿದ್ದೀಯೋ? ಸೊಲ್ಲಾಪುರದಲ್ಲಿ ಚಳಿ ಬಿದ್ದಿದ್ದರೆ ಅವ್ವನ ಕೌದಿ ತೆಗೆದು ಹೊದ್ದುಕೋ, ಟ್ರಂಕಿನಲ್ಲಿಟ್ಟು ಪೂಜೆ ಮಾಡಬೇಡ. ಇಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ, ಮೊಣಕಾಲು ಮಾತ್ರ ಬೆಳಿಗ್ಗೆ ಹಿಡಿಯುತ್ತದೆ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಮನುಷ್ಯ ಎತ್ತಿನ ಕಾಲಿಗೆ ಹಚ್ಚುವ ಎಣ್ಣೆಯನ್ನೇ ತಮ್ಮ ಕಾಲಿಗೂ ಹಚ್ಚಿಕೊಳ್ಳುತ್ತಾರೆ. ಮನೆ ತುಂಬ ಕೊಟ್ಟಿಗೆಯ ವಾಸನೆ. ದೀಪಾವಳಿಗೆ ನೀನು ಬರಲಿಲ್ಲ. ಆರತಿ ತಟ್ಟೆ ಹಚ್ಚಿ ಯಾರ ಮುಂದೆ ಹಿಡಿಯಬೇಕೆಂದು ತಿಳಿಯದೆ ನನ್ನ ಕ್ಲಾಸಿನ ಕಂಪ್ಯೂಟರಿಗೇ ಬೆಳಗಿದೆ. ನಗಬೇಡ, ನನಗೆ ಅಳು ಬಂದಿತ್ತು.

ನಿನ್ನ ಇ-ಮೇಲ್ ಇವತ್ತು ಬೆಳಿಗ್ಗೆ ಓದಿದೆ. "ಆ ಮನುಷ್ಯ ನನ್ನ ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆದ, ಇನ್ನು ಅವನ ಜೊತೆ ಮಾತಿಲ್ಲ" ಎಂದು ಅಪ್ಪನ ಬಗ್ಗೆ ಬರೆದಿದ್ದೀಯ. ಅದಕ್ಕೆ ಇ-ಮೇಲಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬೈಗುಳ ಬರೆದರೆ ಉಪ್ಪಿಲ್ಲದ ಸಾರಾಗುತ್ತದೆ. ಮೇಲಾಗಿ ನೀನು ಸಿಟ್ಟಿನಲ್ಲಿ ಓದದೆಯೇ ಅಳಿಸಿಬಿಡುವ ಆಸಾಮಿ. ಕಾಗದವಾದರೆ ಹರಿಯಲಿಕ್ಕಾದರೂ ಒಮ್ಮೆ ಬಿಚ್ಚಬೇಕಾಗುತ್ತದೆ. ಹಾಗಾಗಿ ಕೂತು ಓದು, ಕೊನೆಯ ತನಕ ಓದು.

ಶ್ರಾವಣದಲ್ಲಿ ನೀನು ಮದುವೆಯಾದರೆ ಇವಳನ್ನೇ ಎಂದು ಯಶೋಧಾಳ ಫೋಟೋ ತಂದು ಅಪ್ಪನ ಮುಂದಿಟ್ಟಾಗ ಅವರು ಅಂದದ್ದು ತಪ್ಪು. ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. "ಇಬ್ಬರಿಗೂ ಕೇಳೂದಿಲ್ಲ. ನಾಳೆ ಕೂಸು ಅತ್ತರ ಯಾರಿಗೆ ಕೇಳಸ್ತೈತಿ?" ಕೂತಿದ್ದ ನೆಂಟರ ಮುಂದೆಯೇ ಅವರು ನನ್ನ ಕಡೆ ತಿರುಗಿ ಅಂದರು, ನೀನು ತುಟಿ ಓದಿಬಿಟ್ಟೆ, ಚೀಲ ಎತ್ತಿಕೊಂಡು ಹೊರಟೆ. ಅವ್ವ ಇದ್ದಿದ್ದರೆ ಬಾಗಿಲಿಗೆ ಅಡ್ಡ ನಿಂತು ಅವರ ಮಾತನ್ನು ನಿನಗೆ, ನಿನ್ನ ಕೈಮಾತನ್ನು ಅವರಿಗೆ ತಿಳಿಸಿ ಇಬ್ಬರನ್ನೂ ಕೂರಿಸುತ್ತಿದ್ದಳು. ಅವ್ವ ಹೋದ ಮೇಲೆ ನಿಮ್ಮಿಬ್ಬರ ನಡುವೆ ಭಾಷೆಯೇ ಇಲ್ಲದಂತಾಗಿದೆ. ಅಪ್ಪ ಕಾಗದ ಬರೆಸಿದರೆ ನೀನು "ಅಕ್ಕ ತೊಳೆದು ಇಸ್ತ್ರಿ ಮಾಡಿದ ಮಾತು ನನಗೆ ಬೇಡ" ಎಂದು ವಾಪಸು ಕಳಿಸಿದೆ. ಆಮೇಲೆ ನಿನ್ನ ಷರತ್ತು ಬಂತು: ನೀನೂ ನಿನ್ನ ಕಿವುಡ ಗೆಳೆಯರೂ ರವಿವಾರ ಸಂಜೆ ಕೂಡುವ ಆ ಚಾಟ್ ಕೋಣೆಗೆ ಅಪ್ಪ ಬರಬೇಕು, ತಾವೇ ಟೈಪ್ ಮಾಡಬೇಕು, ಅಕ್ಕ ಪಕ್ಕದಲ್ಲಿ ಕೂರಕೂಡದು.

ಷರತ್ತು ಹಾಕುವುದು ಸುಲಭ, ತಮ್ಮಾ. ಆ ಪ್ರೋಗ್ರಾಮಿನಲ್ಲಿ ಒತ್ತಲು ಒಂದು ಗುಂಡಿಯಿಲ್ಲ, ನೋಡಲು ಒಂದು ಚಿತ್ರವಿಲ್ಲ. ಕರಿ ಪರದೆ, ಮಿಣುಕುವ ಗೆರೆ. ಎಲ್ಲವನ್ನೂ ಓರೆಗೆರೆ (/) ಹಾಕಿ ಇಂಗ್ಲಿಷ್ ಅಕ್ಷರದಲ್ಲೇ ಹೇಳಬೇಕು. ಅದರ ಸಹಾಯ ಪುಟ ತೆರೆದು ನೋಡಿದರೆ "ಜಾಯಿನ್: ಜಾಯಿನ್ ಆಗಲು ಬಳಸುವ ಆಜ್ಞೆ" ಎಂದಿದೆ. ಇಷ್ಟು ಬರೆಯಲು ಮನುಷ್ಯ ಯಾಕೆ ಬೇಕಿತ್ತು? ಬರೆದವನಿಗೆ ಗೊತ್ತಿದ್ದದ್ದು ಓದುವವನಿಗೂ ಮೊದಲೇ ಗೊತ್ತಿದ್ದರೆ ಮಾತ್ರ ತಿಳಿಯುವಂಥ ಬರವಣಿಗೆ. ಅವನು ಎದುರಿಗೆ ಸಿಕ್ಕಿದ್ದರೆ ನಮ್ಮ ಬಜಾರದಲ್ಲಿ ನಿಲ್ಲಿಸಿ ನಾಲ್ಕು ಮಾತು ಅಂದುಬಿಡುತ್ತಿದ್ದೆ. ಕೊನೆಗೆ ನಾನೇ ಕೂತು ಅಪ್ಪನಿಗಾಗಿ ಕನ್ನಡದಲ್ಲಿ ಸಹಾಯ ಪುಟ ಬರೆದೆ. ನನ್ನ ಕ್ಲಾಸಿಗೆ ಬರುವ ಕಾಲೇಜು ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವುದು ಇದರ ಮುಂದೆ ಹೂವೆತ್ತಿದಷ್ಟು ಹಗುರ.

ಮೊದಲ ಪುಟದ ಮೊದಲ ಶಬ್ದಕ್ಕೇ ಜಗಳ. "ಆಜ್ಞೆ" ಎಂದು ಬರೆದಿದ್ದೆ. "ಯಂತ್ರಕ್ಕ ಆಜ್ಞಾ ಮಾಡಾಕ ನಾ ಏನ್ ತಹಶೀಲ್ದಾರ ಏನವಾ? ಕೇಳ್ಕೊಂಡ್ರ ಆಗೂದಿಲ್ಲೇನು?" ಎಂದರು. ಸರಿ, "ಕೇಳಿಕೆ" ಎಂದು ತಿದ್ದಿದೆ. ಕೋಣೆಯೊಳಗೆ ಒಂದು ಅಡ್ಡಹೆಸರು ಬೇಕು ಎಂದು ಬರೆದರೆ ಮುಖ ಗಂಟಿಕ್ಕಿ, ತಮ್ಮ ಹೆಸರು, ತಂದೆಯ ಹೆಸರು, ಮನೆತನ, ನಿವೃತ್ತ ಕಂಪೌಂಡರ್ ಎಂಬುದನ್ನೆಲ್ಲ ಬಡಿದರು. ಯಂತ್ರ ಒಪ್ಪಲಿಲ್ಲ. ನಗುವುದನ್ನು ತಿಳಿಸುವ ಕೇಳಿಕೆ ಬರೆದಾಗ "ನಾ ನಗೂದನ್ನ ನಾನ ಬರದು ತಿಳಿಸಬೇಕೇನು? ಹುಚ್ಚರಾಟ" ಎಂದು ಆ ಹಾಳೆಯನ್ನೇ ಕಿತ್ತಿಟ್ಟರು. ಮೆಸೇಜ್ ಕಳಿಸುವ ಕೇಳಿಕೆಗೆ ಉದಾಹರಣೆಯಾಗಿ "ಊಟ ಆಯಿತೇ" ಎಂದು ಬರೆದಿದ್ದೆ. ಉದಾಹರಣೆಯೇ ನಿಯಮವೆಂದು ತಿಳಿದು ಒಂದು ರವಿವಾರ ಪೂರ್ತಿ "ಊಟ ಆಯಿತೇ" ಎಂಬುದೊಂದನ್ನೇ ಮತ್ತೆ ಮತ್ತೆ ಟೈಪ್ ಮಾಡಿ, ಉತ್ತರ ಬರಲಿಲ್ಲವೆಂದು ಎದ್ದು ಬಂದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಬರವಣಿಗೆ. ಹೊರಬರುವ ಕೇಳಿಕೆಯನ್ನಂತೂ ಅವರು ಇವತ್ತಿಗೂ ಒತ್ತಿಲ್ಲ. "ಮಾತಾಡ್ಕೋತ ಕುಂತಾಗ 'ಹೋಗ್ತೇನಿ' ಅಂತ ಬರೀಬಾರದು, ಅಪಶಕುನ. 'ಬರ್ತೇನಿ' ಅನ್ನೂ ಗುಂಡಿ ಇದ್ರ ತೋರಸು" ಎನ್ನುತ್ತಾರೆ.

ಎಲ್ಲಕ್ಕಿಂತ ಸಿಟ್ಟು ತರಿಸಿದ ಸಂಗತಿ ಎಂದರೆ, ನಾನು ಎಷ್ಟು ತಿದ್ದಿ ಬರೆದರೂ ಒಂದು ಕೇಳಿಕೆಯೂ ಅವರ ಕೈಯಲ್ಲಿ ನಡೆಯುತ್ತಿರಲಿಲ್ಲ. ಯಾಕೆಂದು ನನಗೆ ಕಾಣುತ್ತಲೂ ಇರಲಿಲ್ಲ, ನೀನು ಹಾಕಿದ ಷರತ್ತಿನಂತೆ ನಾನು ಕ್ಲಾಸಿನ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ, ಅವರು ಏಳುವಾಗ ಸಿಟ್ಟಿನಲ್ಲಿ ಸ್ವಿಚ್ಚನ್ನೇ ಆರಿಸಿ ಬರುತ್ತಿದ್ದರು. "ಹಾಳ್ಯಾಗ ಇದ್ದಂಗ ಮಾಡೇನಿ" ಎಂದು ಅವರು, "ಮಾಡಿದ್ದರೆ ಆಗಬೇಕಿತ್ತು" ಎಂದು ನಾನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ ನಮ್ಮ ಮನೆಯಲ್ಲಿ ನೀನೊಬ್ಬನೇ ಅಲ್ಲವಲ್ಲ. ಕಡೆಗೆ ನಿನ್ನೆ ಕೋಣೆಯೊಳಗೆ ಹೋಗುವ ತನಕ ನಾನೇ ಮಾಡಿಕೊಟ್ಟು, ಕುರ್ಚಿ ಬಿಟ್ಟುಕೊಟ್ಟು ಹೊರಗೆ ಬಂದೆ. ನಿನಗೊಬ್ಬನಿಗೇ ಹೋಗುವ ಮೆಸೇಜಿನ ಕೇಳಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಪರದೆಯ ಪಕ್ಕಕ್ಕೆ ಅಂಟಿಸಿದ್ದೆ: ಸಾಲಿನ ಮೊದಲಿಗೆ ಓರೆಗೆರೆ ಹಾಕಿರಿ.

ಅವರು ಎದ್ದು ಮನೆಗೆ ಹೋದ ಮೇಲೆ ಒಳಗೆ ಬಂದು ನೋಡಿದರೆ, ಹೊರಬರುವ ಕೇಳಿಕೆಯನ್ನೂ ಕೊಡದೆ, ಈ ಸಲ ಸ್ವಿಚ್ಚನ್ನೂ ಆರಿಸದೆ ಹೋಗಿದ್ದರು, ಬರೆದದ್ದೆಲ್ಲ ಪರದೆಯ ಮೇಲೆ ಹಾಗೆಯೇ ನಿಂತಿತ್ತು. ಪ್ರತಿಯೊಂದು ಸಾಲಿನ ಮೊದಲಿಗೆ "ಶ್ರೀ". ಅದಾದ ಮೇಲೆ ಓರೆಗೆರೆ! ಅಪ್ಪ ಯಾವ ಕಾಗದಕ್ಕೂ ತಲೆಯ ಮೇಲೆ ಶ್ರೀ ಬರೆಯದೆ ಪೆನ್ನು ಊರುವುದಿಲ್ಲ, ಅದು ನನಗೂ ನಿನಗೂ ಗೊತ್ತಿದೆ. ದವಾಖಾನೆಯ ಔಷಧದ ಬಾಟಲಿಗೂ ಶ್ರೀ ಬರೆದೇ ಚೀಟಿ ಅಂಟಿಸುತ್ತಿದ್ದರು. ಆದರೆ ಪರದೆಯ ಮೇಲೂ ಬರೆಯುತ್ತಾರೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮನೆಗೆ ಹೋಗಿ ಕೇಳಿದೆ, "ಮೊದಲಿಗೆ ಓರೆಗೆರೆ ಅಂತ ಬರದಿದ್ದೆನಲ್ರಿ ಅಪ್ಪಾ?" ಅವರು ತಣ್ಣಗೆ, "ಸಾಲಿನ ಮೊದಲಿಗೇ ಹಾಕೇನಲ್ಲ. ಶ್ರೀ ಅಂದ್ರ ಸಾಲಿನ್ಯಾಗ ಬರೂದಿಲ್ಲವಾ, ಅದು ಸಾಲಿಗಿಂತ ಮದಲಿಂದು" ಎಂದರು. ನಾನು ಬಾಗಿಲ ಚೌಕಟ್ಟಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಈಗ ತಿಳಿಯಿತೇ? ಓರೆಗೆರೆ ಮೊಟ್ಟಮೊದಲು ಇರದಿದ್ದರೆ ಯಂತ್ರಕ್ಕೆ ಅದು ಕೇಳಿಕೆಯಲ್ಲ, ಬರೀ ಮಾತು. ಮಾತಾದರೆ ಕೋಣೆಯಲ್ಲಿರುವ ಎಲ್ಲರಿಗೂ ಕಾಣುತ್ತದೆ. ನಿನಗೊಬ್ಬನಿಗೇ ಹೇಳುತ್ತಿದ್ದೇನೆ ಎಂದುಕೊಂಡೇ ಅವರು ಬರೆದರು. ನಿನ್ನ ಮರ್ಯಾದೆ ತೆಗೆಯಲಿಕ್ಕಲ್ಲ. ನೀನು ಎರಡು ಸಾಲು ಓದಿ ಎದ್ದು ಹೋದೆ. ನೀನು ಹೋದದ್ದನ್ನು ಯಂತ್ರ ಇಂಗ್ಲಿಷಿನಲ್ಲಿ ಒಂದು ಸಣ್ಣ ಸಾಲಾಗಿ ಹೇಳಿತ್ತು, ಅದರ ಅರ್ಥ ನನ್ನ ಪುಟದಲ್ಲಿ ಬರೆದಿರಲಿಲ್ಲ. ಅವರು ನೀನು ಎದುರಿಗೇ ಇದ್ದೀಯೆಂದು ಬರೆಯುತ್ತಲೇ ಹೋದರು. ಅದನ್ನೆಲ್ಲ ನಾನು ಓದಬಾರದಿತ್ತು, ಓದಿದೆ. ಬೈಯುವುದಿದ್ದರೆ ಬೈ. ಶ್ರೀ ಮತ್ತು ಓರೆಗೆರೆಗಳನ್ನು ಬಿಟ್ಟು, ಇಂಗ್ಲಿಷ್ ಅಕ್ಷರವನ್ನು ಕನ್ನಡಕ್ಕೆ ತಿರುಗಿಸಿ, ಒಂದು ಮಾತನ್ನೂ ತೊಳೆಯದೆ ಇಸ್ತ್ರಿ ಮಾಡದೆ ಇಲ್ಲಿ ಇಳಿಸುತ್ತಿದ್ದೇನೆ.

"ಚಿರಂಜೀವಿ ಅನೀಲಗ ಆಶೀರ್ವಾದ. ಕೂಸು ಅತ್ತರ ಯಾರಿಗೆ ಕೇಳಸ್ತೈತಿ ಅಂತ ನಾ ಅಂದಿದ್ದೆ. ಅಂದದ್ದು ಖರೆ. ಇಲ್ಲ ಅನ್ನೂದಿಲ್ಲ." ಇಲ್ಲಿಗೆ ನೀನು ಎದ್ದೆ. ಮುಂದಿನದು ಇದು: "ನೀ ಸಣ್ಣಾಂವ ಇದ್ದಾಗ ಭಾಳ ಅಳತಿದ್ದಿ. ನನಗ ಎರಡೂ ಕಿವಿ ಛಲೋ ಇದ್ದೂವು. ನಾ ಒಂದಿನಾನೂ ಎದ್ದು ಎತಗೊಂಡಿಲ್ಲ. ನಿಮ್ಮವ್ವ ಎದ್ದಳು. ಜ್ವರ ಬಂದಾಗ ಕಿವಿ ಹಿಡಕೊಂಡು ಅತ್ತಿ. ಹಲ್ಲು ಬರಾಕತ್ತಾವು, ದವಾಖಾನಿ ಯಾಕ ಅಂತ ನಾನೇ ಅಂದೆ. ನಾನೂ ದವಾಖಾನ್ಯಾಗಿನಾಂವ ಅಂತ ಸೊಕ್ಕು. ಹಂಗಿದ್ದ ಮ್ಯಾಲ ಯಾವ ಬಾಯಿಲೆ ಆ ಹುಡುಗಿ ಬಗ್ಗೆ ಅಂದೆ. ತಪ್ಪಾತು. ಇದನ್ನ ಅಕ್ಕಗ ಹೇಳಬ್ಯಾಡ."

ಅಕ್ಕನಿಗೆ ಹೇಳಬೇಡ ಎಂದವರು ಇಡೀ ಕೋಣೆಗೆ ಹೇಳಿದ್ದರು. ನನಗೆ ನಗು ಬರಲಿಲ್ಲ ಅನೀಲ. ನಿನ್ನ ಕಿವಿ ಹೋದ ಆ ಜ್ವರದ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ, ಅವ್ವ ಕೂಡ ಸಾಯುವ ತನಕ ಆಡಲಿಲ್ಲ. ನಾನು ಆ ಕುರ್ಚಿಯ ಮೇಲೆ ಕೂತು ಚೆನ್ನಾಗಿ ಅತ್ತೆ.

ಅದರ ಕೆಳಗೆ ನಿನ್ನ ಯಶೋಧಾ ಬರೆದದ್ದಿದೆ. ಅವಳು ನಿನಗೆ ಹೇಳಲು ಬಂದಿರಬೇಕು, ನೀನು ಅವಳಿಂದಲೂ ಮುಖ ತಿರುಗಿಸಿರಬೇಕು. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? "ಕಾಕಾ, ಅನೀಲ ಹ್ವಾದ. ನಾ ಯಶೋಧಾ. ನೀವು ಬರದದ್ದು ಎಲ್ಲಾರಿಗೂ ಕಾಣಾಕತ್ತೈತಿ" ಎಂದು ಅವಳು ತಿಳಿಸಿದ್ದಾಳೆ. ಅಪ್ಪ ಅಂದರು, "ಕಾಣಲಿ ಬಿಡವ್ವ. ಅಂದದ್ದು ಎಲ್ಲಾರ ಮುಂದ ಅಂದಿದ್ದೆ." ಅದಕ್ಕೆ ಅವಳ ಉತ್ತರ: "ನಮ್ಮ ಅವ್ವಗೂ ಕೇಳಸೂದಿಲ್ಲ ಕಾಕಾ. ಚಡಚಣದಾಗ ನಮ್ಮನ್ನೆಲ್ಲಾ ಆಕೀನ ಬೆಳಸ್ಯಾಳ. ಕೂಸಿನ ಕೈಗೆ ಮೆತ್ತನ್ನ ಅರಿವಿ ಕಟ್ಟಿ, ಇನ್ನೊಂದು ತುದಿ ತನ್ನ ಮುಂಗೈಗೆ ಸುತಗೊಂಡು ಮಲಗತಿದ್ಲು. ಕೂಸು ಮಿಸುಕಿದ್ರ ಎದ್ದ ಬಿಡತಿದ್ಲು, ಅಳೂದಕ್ಕಿಂತ ಮದಲ. ನೀವು ಆವತ್ತ ನನ್ನ ಕರಿಸಿ ಕೇಳಿದ್ರ ಹೇಳತಿದ್ದೆ." ಅಪ್ಪ ಬರೆದದ್ದು ಒಂದೇ ಮಾತು, "ಕೇಳಬೇಕಿತ್ತವ್ವ." ಇಂಥ ಹುಡುಗಿಯನ್ನು ಬಿಟ್ಟು ನೀನು ಎದ್ದುಹೋಗಿದ್ದೀಯ, ನಿನಗೆ ಏನನ್ನಲಿ.

ನನಗೂ ಸಾಕಾಗಿದೆ. ಸಹಾಯ ಪುಟಗಳನ್ನು ಹರಿದು ಒಲೆಗೆ ಹಾಕೋಣ ಎಂದುಕೊಂಡಿದ್ದೆ, ಮನಸ್ಸಾಗದೆ ಬಿಟ್ಟೆ. ಸರಿಯಾಗಿ ಉಣ್ಣು, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು, ಯಶೋಧಾಳಿಗೆ ನನ್ನ ಕಡೆಯಿಂದ ತುಂಬು ಹೃದಯದ ಆಶೀರ್ವಾದ ಹೇಳು. ಅವಳನ್ನು ಮೊದಲು ಮಾತಾಡಿಸು, ನನಗೆ ಉತ್ತರ ಆಮೇಲೆ ಬರೆದರೂ ನಡೆಯುತ್ತದೆ.

ಬೈದರೂ ನಿನ್ನವಳೇ ಆದ ಅಕ್ಕ,
ವಿಜಯಲಕ್ಷ್ಮಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಬಂದರು, ಅದಕ್ಕೇ ಅವಸರದ ಅಕ್ಷರ. ಬರುವ ರವಿವಾರ ಅವರು ಚಾಟಿಗೆ ಬರುವುದಿಲ್ಲ, ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೇ ಬರುತ್ತಿದ್ದಾರೆ, ಒಬ್ಬರೇ. ನಾನು ಜೊತೆಗೆ ಬರುತ್ತೇನೆಂದರೆ, "ನೀ ಬಂದ್ರ ಮತ್ತ ನೀನ ಮಾತಾಡ್ತಿ" ಎಂದರು. ನನ್ನನ್ನು ಕೂರಿಸಿಕೊಂಡು ಕೇಳಿದ್ದು ಇಷ್ಟು: "ನಿಮ್ಮವ್ವ ಅಂವನ್ನ ಕೈಲೆ ಹೆಂಗ ಕರೀತಿದ್ಲು? ಇಷ್ಟು ವರ್ಷ ಒಂದ ಮನ್ಯಾಗ ಇದ್ದು, ಮಗನ ಹೆಸರು ನನಗ ಬರೂದಿಲ್ಲ." ತೋರಿಸಿಕೊಟ್ಟೆ. ಇದಕ್ಕೆ ಹಾಳೆಯ ಮೇಲೆ ಏನು ಬರೆದುಕೊಡಲಿ, ಕೈ ಹಿಡಿದೇ ಕಲಿಸಿದೆ. ಈಗ ಕನ್ನಡಿಯ ಮುಂದೆ ನಿಂತು ಮಾಡುತ್ತಿದ್ದಾರೆ, ಬೆರಳು ಇನ್ನೂ ಸರಿಯಾಗಿ ಮಡಚುತ್ತಿಲ್ಲ. ಬಸ್ ನಿಲ್ದಾಣಕ್ಕೆ ಬಾ, ತಮ್ಮಾ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬಾ, ಆದರೆ ಮುಖ ತಿರುಗಿಸಿ ನಿಲ್ಲಬೇಡ. ನೀನು ನೋಡದಿದ್ದರೆ ಅವರು ನಿನ್ನನ್ನು ಕರೆಯುವುದು ಹೇಗೆ?